ನಾಲ್ಕೇ ಸೀಟು

ಬೋಟಿನ ಮಾತು ಆ ಮನೆಯಲ್ಲಿ ಹುಟ್ಟಿದ್ದು ಊಟದ ಮೇಜಿನ ಮೇಲೆ, ಅದೂ ಬೇಳೆಗೆ ಉಪ್ಪು ಹೆಚ್ಚಾಗಿದೆಯೋ ಇಲ್ಲವೋ ಎಂಬ ವಾದದ ಬೆನ್ನಿಗೆ. ಹೆಚ್ಚಾಗಿದೆ ಎಂದವರು ಅತ್ತೆ. ಸರಿಯಾಗಿದೆ ಎಂದವಳು ಮೊಮ್ಮಗಳು. ಯಾರ ಪಕ್ಷವನ್ನೂ ಹಿಡಿಯದೆ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ ಮನೆಯ ಯಜಮಾನ ತಟ್ಟೆಯಿಂದ ತಲೆಯೆತ್ತದೆ, "ನಾನೊಂದು ಬೋಟು ತಗೋಬೇಕು ಅಂತಿದೀನಿ," ಎಂದ.

"ಮೀನು ಹಿಡಿಯಕ್ಕಾ?" ಎಂದರು ಅತ್ತೆ.

"ಏನೂ ಹಿಡಿಯಕ್ಕಲ್ಲಮ್ಮ. ಸುಮ್ನೆ ನೀರಿನ ಮೇಲೆ ಹೋಗಕ್ಕೆ, ಬರಕ್ಕೆ."

"ಹೋಗಿ ಬಂದು?"

"ಹೋಗಿ ಬಂದು ಊಟ ಮಾಡಕ್ಕೆ."

ಅವನು ಲಿಫ್ಟ್ ರಿಪೇರಿಯವನು. ಪ್ರಾಯದಿಂದಲೂ ಕಟ್ಟಡಗಳ ಹೊಟ್ಟೆಯೊಳಗೆ, ಬಾವಿಯಂಥ ಕತ್ತಲ ಕಿಂಡಿಗಳಲ್ಲಿ ನೇತಾಡಿಕೊಂಡು ಬಂದವನು. "ಇಷ್ಟು ವರ್ಷ ಬರೀ ಮೇಲಕ್ಕೆ ಕೆಳಕ್ಕೆ ಹೋಗಿದ್ದಾಯ್ತು. ಇನ್ನು ಸ್ವಲ್ಪ ಅಡ್ಡ ಹೋಗ್ತೀನಿ," ಎಂದು ಅವನು ನಕ್ಕಾಗ ಮೊದಲು ಚಪ್ಪಾಳೆ ತಟ್ಟಿದವಳು ಹೆಂಡತಿಯಲ್ಲ, ಮಗಳೂ ಅಲ್ಲ, ಗುಬ್ಬಿ.

ಗುಬ್ಬಿ ಎಂದರೆ ಆ ಮನೆಯ ಕಿರಿಸೊಸೆ. ಅವಳ ಗಂಡ, ಯಜಮಾನನ ತಮ್ಮ, ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆ. ಅವಳು ಮಹಡಿಯ ಕೋಣೆಯಲ್ಲಿ ಮಲಗುತ್ತಾಳೆ, ಕೆಳಗಿನ ಅಡುಗೆಮನೆಯಲ್ಲಿ ಉಣ್ಣುತ್ತಾಳೆ, ಹಗಲೆಲ್ಲ ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ಹೆಸರಿಟ್ಟವರು ಅತ್ತೆ. ಮದುವೆಯಾಗಿ ಬಂದ ವಾರದಲ್ಲೇ, "ಇದೇನಮ್ಮ, ಗುಬ್ಬಿ ಹಾಗೆ ಚಿಂವ್ ಚಿಂವ್ ಅಂತ ಮನೆ ತುಂಬಾ ಓಡಾಡುತ್ತೆ," ಎಂದಿದ್ದರು. ಹೆಸರು ನಿಂತುಹೋಯಿತು.

ಹಿರಿಸೊಸೆಗೆ ಅತ್ತೆ ಯಾವ ಹಕ್ಕಿಯ ಹೆಸರನ್ನೂ ಇಟ್ಟಿರಲಿಲ್ಲ. ಅವಳಿಗೆ ಹೆಸರು ಬಂದದ್ದು ಕೆಲಸದಿಂದ. ಬಸ್ಸು, ಕಾರು, ಬೋಟುಗಳಿಗೆ ಸೀಟು ಹೊಲಿದುಕೊಡುವ ಅಂಗಡಿಯಲ್ಲಿ ಅವಳು ಮುಖ್ಯ ಕೈ. ಗಿರಾಕಿಗಳು ಅವಳನ್ನು ಸೀಟಮ್ಮ ಎನ್ನುತ್ತಿದ್ದರು. ಗಂಡ ಒಮ್ಮೆ ತಮಾಷೆಗೆ ಹಾಗೆ ಕರೆದದ್ದು ಮನೆಯಲ್ಲೂ ಉಳಿಯಿತು. ಆ ಕೈಗೆ ಮನೆಯಲ್ಲೂ ಮರ್ಯಾದೆಯಿತ್ತು. ಹಾಸಿಗೆ ಕೊಳ್ಳಲಿ, ಕಲ್ಲಂಗಡಿ ಕೊಳ್ಳಲಿ, ಮಗಳಿಗೆ ಬೂಟು ಕೊಳ್ಳಲಿ, ಸೀಟಮ್ಮ ಒಮ್ಮೆ ಹೆಬ್ಬೆರಳಿಂದ ಒತ್ತಿ ನೋಡಬೇಕು. ಅವಳು "ಬೇಡ" ಎಂದರೆ ಬೇಡ. ಅವಳ ಹೆಬ್ಬೆರಳಿಗೆ ಅಪೀಲಿಲ್ಲ ಎಂದು ಗಂಡ ಹೇಳುತ್ತಿದ್ದ.

ಆದರೆ ಹೆಬ್ಬೆರಳಿಗೆ ಸಿಗುವ ಮರ್ಯಾದೆ ಬೇರೆ, ಬಾಗಿಲಲ್ಲಿ ಕಾಯುವ ಕಣ್ಣು ಬೇರೆ. ಸಂಜೆ ಸೀಟಮ್ಮ ಮನೆಗೆ ಬಂದರೆ ಮೈಯಿಂದ ರೆಕ್ಸಿನ್ನಿನ, ಅಂಟಿನ ವಾಸನೆ ಬರುತ್ತಿತ್ತು. ಯಾರೂ ತಲೆಯೆತ್ತುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಗುಬ್ಬಿ ಬಂದರೆ ಬೆಣ್ಣೆಯ ವಾಸನೆ. ಕೈಯಲ್ಲಿ ಮಾರಾಟವಾಗದೆ ಉಳಿದ ಬನ್ನುಗಳ ಪೊಟ್ಟಣ. ಮಗಳು ಓದುವುದನ್ನು ಬಿಟ್ಟು ಓಡುತ್ತಿದ್ದಳು. ಅತ್ತೆಯ ಮಂಡಿನೋವು ಹೊಸಿಲಿನತನಕ ಮಾಯವಾಗುತ್ತಿತ್ತು. ಗಂಡ ಕೂಡ, "ಏನಮ್ಮಾ ಗುಬ್ಬಿ, ಇವತ್ತು ಎಷ್ಟು ಜನಕ್ಕೆ ಹಳೇ ಬ್ರೆಡ್ಡು ಹೊಸದು ಅಂತ ಮಾರಿದೆ?" ಎಂದು ಕೇಳುತ್ತಿದ್ದ. ಗುಬ್ಬಿ ಗಿರಾಕಿಗಳ ಅಣಕ ಮಾಡಿ ತೋರಿಸುತ್ತಿದ್ದಳು. ಮನೆ ನಗುತ್ತಿತ್ತು. ಸೀಟಮ್ಮ ಒಲೆಯ ಕಡೆ ಮುಖ ಮಾಡಿ ಈರುಳ್ಳಿ ಹೆಚ್ಚುತ್ತಿದ್ದಳು, ಬೇಕಾದದ್ದಕ್ಕಿಂತ ಸಣ್ಣಗೆ.

ಕೆರೆಯ ದಂಡೆಯ ಬೋಟಿನಂಗಡಿಯಲ್ಲಿ ಬಳಸಿದ ಬೋಟುಗಳೆರಡು ಅವನ ಕಣ್ಣಿಗೆ ಬಿದ್ದಿದ್ದವು. ಒಂದು ಚಿಕ್ಕದು: ಚೊಕ್ಕವಾಗಿ ನಾಲ್ಕು ಸೀಟು, ಹಿಂದೆ ಒಂದು ಮೋಟರು. ಇನ್ನೊಂದು ಅದಕ್ಕಿಂತ ಉದ್ದ, ಅಗಲ. ಮೇಲೆ ಬಟ್ಟೆಯ ಚಾವಣಿ, ಹಿಂಭಾಗದಲ್ಲಿ ಉದ್ದಕ್ಕೂ ನೀಲಿ ಬೆಂಚು. ಎಂಟು ಜನ ಆರಾಮವಾಗಿ ಕೂರಬಹುದು. ಎರಡರ ಬೆಲೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ದೊಡ್ಡದು ಹಳೆಯದು, ಚಿಕ್ಕದು ಹೊಸತು, ಅಷ್ಟೆ. ವಾರವಿಡೀ ಮನೆಯಲ್ಲಿ ಅದೇ ಪುರಾಣ.

"ದೊಡ್ಡದೇ ತಗೊಳ್ಳೋಣ," ಎಂದ ಗಂಡ. "ಎಲ್ರೂ ಒಟ್ಟಿಗೆ ಹೋಗ್ಬಹುದು. ನನ್ ತಮ್ಮ ಊರಿಗೆ ಬಂದಾಗ ಅವನಿಗೂ ಜಾಗ ಇರುತ್ತೆ."

"ಅಡುಗೆ ಮಾಡ್ಕೊಂಡು ಹೋಗಿ ನೀರ್ ಮೇಲೇ ಊಟ ಮಾಡ್ಬಹುದು ಭಾವ!" ಎಂದಳು ಗುಬ್ಬಿ.

"ನಾನಂತೂ ಆ ಬೆಂಚಿನ ಮೇಲೆ ಕಾಲು ಚಾಚಿ ಮಲಗ್ತೀನಿ," ಎಂದರು ಅತ್ತೆ, ಬೋಟನ್ನು ಕಣ್ಣಿಂದಲೂ ನೋಡದವರು.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಅತ್ತೆ," ಎಂದಳು ಸೀಟಮ್ಮ. "ದೊಡ್ಡ ಬೋಟು ಅಂದ್ರೆ ದೊಡ್ಡ ಹೊಟ್ಟೆ. ಪೆಟ್ರೋಲು ಕುಡಿಯುತ್ತೆ. ಎಲ್ಲಿ ನಿಲ್ಲಿಸ್ತೀರಿ? ನಮ್ಮ ಗೇಟಿನ ಮುಂದೆ ಸೈಕಲ್ ನಿಲ್ಲಿಸಕ್ಕೇ ಪಕ್ಕದ ಮನೆಯವರ ಹತ್ರ ಜಗಳ. ನಮಗೆ ನಾಲ್ಕು ಸೀಟು ಸಾಕು."

"ನಾವು ಐದು ಜನ ಅಲ್ವಾಮ್ಮ?" ಎಂದಳು ಮಗಳು.

"ಯಾರಾದ್ರೂ ಒಬ್ರಿಗೆ ಯಾವತ್ತೂ ಏನಾದ್ರೂ ಕೆಲ್ಸ ಇದ್ದೇ ಇರುತ್ತೆ," ಎಂದಳು ಸೀಟಮ್ಮ. ಗುಬ್ಬಿಯ ಬೇಕರಿಗೆ ಭಾನುವಾರವೂ ಅರ್ಧ ದಿನ ಕೆಲಸವಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗುಬ್ಬಿ ನೀರಿನ ಲೋಟದ ಅಂಚಿನ ಮೇಲೆ ಬೆರಳಾಡಿಸಿದಳು.

"ಎರಡು ದೋಣೀಲಿ ಕಾಲಿಡಬೇಡ ಕಣೋ," ಎಂದರು ಅತ್ತೆ ಮಗನಿಗೆ. "ಯಾವುದಾದ್ರೂ ಒಂದು ಹೇಳು. ದಿನಾ ಇದೇ ಕೇಳಿ ಕೇಳಿ ನಂಗೆ ನಿಂತಲ್ಲೇ ತೇಲಿದ ಹಾಗಾಗ್ತಿದೆ."

"ಭಾನುವಾರ ಎಲ್ರೂ ಹೋಗಿ ನೋಡೋಣ," ಎಂದ ಅವನು. "ಸೀಟಮ್ಮನ ಹೆಬ್ಬೆರಳು ಏನ್ ಹೇಳುತ್ತೋ ಹಂಗೆ."

ಆ ಭಾನುವಾರ ಗುಬ್ಬಿ ಬೇಕರಿಗೆ ರಜೆ ಹಾಕಿ ಬಂದಳು.

ಎರಡೂ ಬೋಟುಗಳು ಸಿಮೆಂಟು ಅಂಗಳದಲ್ಲಿ, ಚಕ್ರದ ಟ್ರೈಲರುಗಳ ಮೇಲೆ ನಿಂತಿದ್ದವು. ಚಿಕ್ಕದರ ಸುತ್ತ ಒಮ್ಮೆ ಸುತ್ತಿ ಎಲ್ಲರೂ ದೊಡ್ಡದಕ್ಕೆ ಹತ್ತಿದರು. ಅತ್ತೆಯನ್ನು ಸ್ಟೂಲು ಹಾಕಿ ಹತ್ತಿಸಿದ್ದಾಯಿತು. ಮಗಳು ಸ್ಟಿಯರಿಂಗ್ ಹಿಡಿದು ಬಾಯಲ್ಲೇ ಮೋಟರು ಓಡಿಸಿದಳು. ಗುಬ್ಬಿ ನೀಲಿ ಬೆಂಚಿನ ಮೂಲೆಯಲ್ಲಿ ಕೂತವಳು, ಪಕ್ಕದಲ್ಲಿ ರೆಕ್ಸಿನ್ ಸುಟ್ಟು ಅಂಗೈಯಗಲ ಕಪ್ಪಾಗಿದ್ದ ಜಾಗವನ್ನು ತೋರಿಸಿ, "ನೋಡಿ ಭಾವ, ಇಲ್ಲಿ ಯಾರೋ ಕೂತು ಹೊಟ್ಟೆ ಉರ್ಕೊಂಡಿದಾರೆ. ಸೀಟಿಗೇ ಬೆಂಕಿ ತಗುಲಿದೆ!" ಎಂದಳು.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ಸೀಟಮ್ಮ ಎಷ್ಟು ಕಾಲದಿಂದ ಕಂಡಿರಲಿಲ್ಲ! ತನ್ನ ಯಾವ ಮಾತಿಗಾದರೂ ಅವನು ಹಾಗೆ ನಕ್ಕಿದ್ದುಂಟೇ ಎಂದು ಯೋಚಿಸಿದಳು. ನೆನಪಾಗಲಿಲ್ಲ. ಬರಲಿರುವ ಭಾನುವಾರಗಳೆಲ್ಲ ಕಣ್ಣೆದುರು ಸಾಲಾಗಿ ನಿಂತವು: ಇದೇ ಬೆಂಚು, ಇದೇ ಗುಬ್ಬಿ, ಇದೇ ನಗು, ಅಡುಗೆಯ ಡಬ್ಬಿಗಳನ್ನು ಬಿಚ್ಚಿ ಬಡಿಸುತ್ತಿರುವ ತಾನು.

"ಏನಂತೀಯೇ?" ಎಂದ ಗಂಡ. "ಒತ್ತಿ ನೋಡು."

ಸೀಟಮ್ಮ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೆಬ್ಬೆರಳಿಟ್ಟು ಒತ್ತಿ ಬಿಟ್ಟಳು. ನೀರು ಕುಡಿದ ಫೋಮು ಒತ್ತಿದರೆ ಒಳಗೇ ಉಳಿದು, ಸೋಮಾರಿಯ ಹಾಗೆ ನಿಧಾನಕ್ಕೆ ಏಳುತ್ತದೆ. ಇದು ಹೆಬ್ಬೆರಳನ್ನು ಹಿಂದಕ್ಕೆ ತಳ್ಳಿತು. ಕೈಯನ್ನು ಕೆಳಗೆ ತೂರಿಸಿ ಹಲಗೆಯನ್ನು ಗೆಣ್ಣಿನಿಂದ ತಟ್ಟಿದಳು. ಟಣ್ ಎನ್ನುವ ಒಣ ಸದ್ದು. ಹೊಸ ಮನೆಯ ಬಾಗಿಲು ಕೂಡ ಇಷ್ಟು ಗಟ್ಟಿ ಇರುವುದಿಲ್ಲ.

"ಕೊಳೆತಿದೆ," ಎಂದಳು.

"ಹಾಂ?"

"ಒಳಗೆ ಹಲಗೆ ಕೊಳೆತಿದೆ. ಫೋಮು ನೀರು ಕುಡಿದಿದೆ. ಇವತ್ತಲ್ಲ ನಾಳೆ ಬೆಂಚೇ ಕುಸಿಯುತ್ತೆ. ಸೀಟೇ ಹಿಂಗಿದ್ರೆ ಅಡಿಭಾಗ ಹೆಂಗಿದೆಯೋ!"

ಬೋಟಿನಂಗಡಿಯವನು, "ಏನಮ್ಮಾ ನೀವು, ಕಲ್ಲಿನ ಹಾಗಿದೆ," ಎಂದು ಬಾಯಿ ಬಡಿದುಕೊಂಡ. ಗಂಡ ಅವನ ಕಡೆ ತಿರುಗಲೂ ಇಲ್ಲ. "ಇವಳು ಅಂದ್ಮೇಲೆ ಮುಗೀತು ಸ್ವಾಮಿ," ಎಂದು ಬೋಟಿನಿಂದ ಕೆಳಗಿಳಿದ. ಅವನ ಮುಖ ಒಂದು ಕ್ಷಣ ಸಪ್ಪಗಾದದ್ದನ್ನೂ, ಮರುಕ್ಷಣವೇ ಹೆಂಡತಿಯ ಬೆನ್ನು ತಟ್ಟಿ, "ಸದ್ಯ, ಬಚಾವಾದ್ವಿ," ಎಂದದ್ದನ್ನೂ ಸೀಟಮ್ಮ ನೋಡಿದಳು. ಬೆನ್ನು ಅವನ ಕೈ ಬಿದ್ದ ಕಡೆ ಚುರ್ ಎಂದಿತು.

ಹೀಗೆ ಚಿಕ್ಕ ಬೋಟು ಮನೆಗೆ ಬಂತು.

ಮೊದಲ ಸವಾರಿಯ ದಿನ ಸೀಟಮ್ಮ ಬೆಳಗಾಗುತ್ತಲೇ ಮೊಟ್ಟೆ ಬೇಯಿಸಿದಳು, ಬ್ರೆಡ್ಡಿಗೆ ಬೆಣ್ಣೆ ಸವರಿದಳು, ಮಗಳ ಜಡೆ ಹೆಣೆದಳು. ಗುಬ್ಬಿ ಬೇಕರಿಗೆ ಹೊರಟಿದ್ದಳು. ಎಲ್ಲವೂ ಲೆಕ್ಕ ಹಾಕಿದಂತೆಯೇ ನಡೆದಿತ್ತು. ಆದರೆ ಬೋಟನ್ನು ನೀರಿಗಿಳಿಸಿ, ಮೋಟರಿಗೆ ಪೂಜೆಯೊಂದು ಬಿಟ್ಟು ಉಳಿದೆಲ್ಲ ಉಪಚಾರ ಮಾಡಿ ಮುಗಿಸುವ ಹೊತ್ತಿಗೆ ಗುಬ್ಬಿ ಬನ್ನಿನ ಪೊಟ್ಟಣ ಹಿಡಿದು ಏದುಸಿರು ಬಿಡುತ್ತಾ ದಂಡೆಯ ಮೇಲೆ ಪ್ರತ್ಯಕ್ಷಳಾದಳು.

"ಉಳಿದ ಕೆಲ್ಸ ಬೇರೆಯವಳಿಗೆ ಒಪ್ಪಿಸಿ ಬಂದೆ. ನಾನು ನೋಡಕ್ಕೆ ಬಂದೆ ಅಷ್ಟೇ, ಹತ್ತಲ್ಲ," ಎಂದಳು.

"ಹತ್ತಲ್ಲ ಅಂದ್ರೆ? ಓಡಿ ಬಂದ ಹುಡುಗೀನ ದಡದಲ್ಲಿ ನಿಲ್ಲಿಸಿ ಹೋಗಕ್ಕಾಗುತ್ತಾ?" ಎಂದರು ಅತ್ತೆ. ಅವರಾಗಲೇ ಒಂದು ಸೀಟಿನಲ್ಲಿ ಪಟ್ಟಾಭಿಷೇಕ ಮಾಡಿಕೊಂಡಾಗಿತ್ತು. "ಬಾ ಬಾ. ಗಂಡ ಅಂತೂ ಊರಲ್ಲಿಲ್ಲ, ಇರೋರಾದ್ರೂ ಕರ್ಕೊಂಡು ಹೋಗಬೇಡ್ವಾ?"

"ಅಜ್ಜಿ, ನಾಲ್ಕೇ ಜನ. ಇಲ್ಲಿ ಬರೆದಿದೆ ನೋಡಿ," ಎಂದು ಮಗಳು ಬೋಟಿನ ಒಳಮೈಗೆ ಬಡಿದಿದ್ದ ತಗಡನ್ನು ತೋರಿಸಿದಳು.

ಎಲ್ಲರೂ ಸೀಟಮ್ಮನ ಕಡೆ ನೋಡಿದರು. ಇನ್ನೂ ಹತ್ತದೆ ಉಳಿದವಳು ಅವಳೊಬ್ಬಳೇ. ಹಗ್ಗ ಅವಳ ಕೈಯಲ್ಲಿತ್ತು.

"ಮೊದಲ ಸುತ್ತು ಇವರು ಹೋಗಿಬರಲಿ," ಎಂದ ಗಂಡ. "ಎರಡನೇ ಸುತ್ತಿಗೆ ನೀನು. ಆಯ್ತಾ?"

"ಆಯ್ತು. ನಂಗೇನು ಅರ್ಜೆಂಟು?"

ಒಂದು ಸುತ್ತು ಹೊಡೆಯುವಷ್ಟರಲ್ಲಿ ಅತ್ತೆಗೆ ತಲೆ ತಿರುಗಿತು. ಅವರನ್ನು ಮನೆಗೆ ಕರೆದೊಯ್ಯಬೇಕಾಯಿತು. ಎರಡನೇ ಸುತ್ತು ಆಗಲಿಲ್ಲ. ಮುಂದಿನ ವಾರ ಎರಡನೇ ಸುತ್ತಿಗೆ ಗಾಳಿ ಬಂತು. ಅದರ ಮುಂದಿನ ವಾರದ ಹೊತ್ತಿಗೆ ಅದೇ ಪದ್ಧತಿಯಾಗಿಬಿಟ್ಟಿತ್ತು. ಬೋಟಿನೊಳಗೆ ಚಪ್ಪಲಿ ಹಾಕಬಾರದೆಂದು ಗಂಡನ ಕಾನೂನು. ಅಲ್ಲಿನ ನಾಯಿಗಳಿಗೆ ಚಪ್ಪಲಿಯೆಂದರೆ ಪ್ರಾಣ. ಹಾಗಾಗಿ ಒಬ್ಬರು ದಂಡೆಯ ಮೇಲೆ ನಾಲ್ಕು ಜೊತೆ ಚಪ್ಪಲಿ ಕಾಯಬೇಕು. ಸೀಟಮ್ಮ ಕಲ್ಲಿನ ಮೇಲೆ ಕೂತು ಕಾದಳು. ಬೋಟು ದೂರ ದೂರ ಹೋಗುತ್ತಿತ್ತು. ಗುಬ್ಬಿಯ ಕೆಂಪು ದುಪಟ್ಟಾ ಮಾತ್ರ ಎಷ್ಟು ದೂರ ಹೋದರೂ ಕಾಣುತ್ತಿತ್ತು. ಸೀಟಮ್ಮ ಅದರ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಈಗ ಅವನ ಕಡೆ ಬಾಗಿದಳು. ಈಗ ಏನೋ ಹೇಳಿದಳು. ಈಗ ಸ್ಟಿಯರಿಂಗೂ ಅವಳ ಕೈಗೇ ಬಂತು.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ. ಬಿದ್ದದ್ದನ್ನು ಹೇಳಿಕೊಳ್ಳುವ ಹಾಗೂ ಇಲ್ಲ.

ಹೇಳಿಕೊಳ್ಳಲಾಗದ್ದು ಬೇರೆ ದಾರಿಯಲ್ಲಿ ಹೊರಬರುತ್ತಿತ್ತು.

"ಬಚ್ಚಲಲ್ಲಿ ಬಕೆಟ್ಟು ತುಂಬಿಸಿಟ್ಟಿದ್ದೆ. ಯಾರು ಖಾಲಿ ಮಾಡಿದ್ದು?"

"ನಾನೇ ಅಕ್ಕ. ತಲೆಗೆ ಎರೆದುಕೊಂಡೆ."

"ಕೂದಲಿದ್ದೋರಿಗೆ ಎಷ್ಟು ನೀರಾದ್ರೂ ಸಾಲದು."

"ಮತ್ತೆ ತುಂಬಿಸಿ ಇಡ್ತೀನಿ ಬಿಡಿ."

"ಬೇಡ. ತುಂಬಿಸೋದು ನನಗೆ ರೂಢಿಯಾಗಿದೆ."

ಇನ್ನೊಂದು ದಿನ ಬನ್ನಿನ ಪೊಟ್ಟಣ ಕಂಡು, "ದಿನಾ ದಿನಾ ಹಳಸಿದ್ದು ತಂದು ಮಗೂಗೆ ತಿನ್ನಿಸಬೇಡ. ಹೊಟ್ಟೆ ಕೆಡುತ್ತೆ," ಎಂದಳು.

"ಹಳಸಿದ್ದಲ್ಲ ಅಕ್ಕ, ಬೆಳಗ್ಗೆದು."

"ಅಮ್ಮ, ನಂಗೆ ಹೈಸ್ಕೂಲು. ಮಗು ಅಲ್ಲ," ಎಂದು ಮಗಳು ಬನ್ನಿಗೆ ಬಾಯಿ ಹಾಕಿದಳು.

"ಈ ಮನೇಲಿ ಒಬ್ಬಳಿಗೆ ಮೂಗಿನ ತುದೀಲಿ ಮೆಣಸಿನಕಾಯಿ ಇಟ್ಟುಕೊಂಡಿರೋ ಕಾಯಿಲೆ ಬಂದಿದೆ," ಎಂದು ಅತ್ತೆ ಗೋಡೆಗೆ ಹೇಳಿದರು.

ದೊಡ್ಡ ಬೋಟಿನ ಬೆಂಚು ಸೀಟಮ್ಮನ ಅಂಗಡಿಗೆ ಬಂದದ್ದು ಇಂಥ ದಿನಗಳಲ್ಲೇ. ಬೋಟನ್ನು ಒಬ್ಬ ಹಲ್ಲಿನ ಡಾಕ್ಟರು ಕೊಂಡಿದ್ದರಂತೆ, ನೀಲಿ ಹಿಡಿಸಲಿಲ್ಲವಂತೆ, ಬಿಳಿ ರೆಕ್ಸಿನ್ ಹಾಕಿಸಬೇಕಂತೆ. ಅಂಗಡಿಯ ಸಾಹುಕಾರ ಬೆಂಚನ್ನು ತಂದು ಅವಳ ಮೇಜಿನ ಮೇಲೆ ಇಟ್ಟು, "ಹಲಗೆ ಹೆಂಗಿದೆ ನೋಡಿ ಸೀಟಮ್ಮ," ಎಂದು ಹೋದ. ಅವಳು ಒಂದೊಂದೇ ಪಿನ್ನು ಕಿತ್ತು ನೀಲಿ ಸಿಪ್ಪೆ ಸುಲಿದಳು, ಫೋಮು ಎತ್ತಿ ಪಕ್ಕಕ್ಕಿಟ್ಟಳು. ಕೆಳಗೆ ಹಲಗೆ, ತೊಳೆದ ಮಗುವಿನ ಹಾಗೆ ಸ್ವಚ್ಛವಾಗಿ ಮಲಗಿತ್ತು. ಒಂದು ಕಲೆಯಿಲ್ಲ.

"ಅಕ್ಕ, ಡಬ್ಬಿ ಮರೆತು ಬಂದಿದ್ರಿ."

ಗುಬ್ಬಿ! ಅವಳಿಗೆ ಅವತ್ತು ವಾರದ ರಜೆ. ಊಟದ ಡಬ್ಬಿಯನ್ನು ದುಪಟ್ಟಾದಲ್ಲಿ ಸುತ್ತಿ ಹಿಡಿದಿದ್ದಳು. ಕೊಡಲು ಮುಂದೆ ಬಂದವಳ ಕಣ್ಣು ನೆಲದ ಮೇಲೆ ಬಿದ್ದಿದ್ದ ನೀಲಿ ರೆಕ್ಸಿನ್ನಿಗೆ, ಅದರ ಮೂಲೆಯಲ್ಲಿದ್ದ ಅಂಗೈಯಗಲದ ಸುಟ್ಟ ಗುರುತಿಗೆ, ಅಲ್ಲಿಂದ ಮೇಜಿನ ಮೇಲಿನ ಹಲಗೆಗೆ ಹೋಯಿತು.

"ಇದು ಆ ದೊಡ್ಡ ಬೋಟಿಂದಲ್ವಾ?"

"ಅಂಥವು ಎಷ್ಟೋ ಇರ್ತವೆ."

"ಸುಟ್ಟ ಗುರುತೂ ಅಂಥದ್ದೇ ಇರುತ್ತಾ?"

ಗುಬ್ಬಿ ಗೆಣ್ಣಿನಿಂದ ಹಲಗೆಯನ್ನು ಒಮ್ಮೆ ತಟ್ಟಿದಳು. ಟಣ್. ಆ ಸದ್ದನ್ನು ಅರ್ಥಮಾಡಿಕೊಳ್ಳಲು ಸೀಟಿನ ಕೆಲಸ ಬರಬೇಕಾಗಿರಲಿಲ್ಲ. ಇಬ್ಬರೂ ಹಲಗೆಯನ್ನೇ ನೋಡುತ್ತಾ ನಿಂತರು. ಪಕ್ಕದ ಯಂತ್ರದವನು ಬಸ್ಸಿನ ಸೀಟೊಂದನ್ನು ಗರಗರ ಹೊಲಿಯುತ್ತಿದ್ದ.

"ಬಿಸಿ ಆರೋಕ್ಮುಂಚೆ ಊಟ ಮಾಡಿ," ಎಂದು ಡಬ್ಬಿಯನ್ನು ಮೇಜಿನ ತುದಿಗಿಟ್ಟು ಗುಬ್ಬಿ ಹೊರಟುಹೋದಳು.

ಆ ಸಂಜೆ ಸೀಟಮ್ಮ ಎದೆ ಗಟ್ಟಿಮಾಡಿಕೊಂಡು ಮನೆಗೆ ಹೋದಳು. ಏನೂ ಆಗಿರಲಿಲ್ಲ. ಮರುದಿನವೂ ಆಗಲಿಲ್ಲ. ಗುಬ್ಬಿ ಎಂದಿನ ಹಾಗೆ ಬನ್ನು ತಂದಳು, ಎಂದಿನ ಹಾಗೆ ಅಣಕ ಮಾಡಿದಳು, ಬಕೆಟ್ಟು ತುಂಬಿಸಿಟ್ಟಳು. ಇನ್ನೊಬ್ಬಳಾಗಿದ್ದರೆ ಒಂದು ಕುಹಕದ ನೋಟವಾದರೂ ಬಿಸಾಡುತ್ತಿದ್ದಳು. ಇವಳು ಅದನ್ನೂ ಮಾಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೇಳಿಬಿಟ್ಟಿದ್ದರೆ ಚಾಡಿಕೋರಿ ಎನ್ನಬಹುದಿತ್ತು. ಸುಮ್ಮನಿರುವವಳನ್ನು ಏನೆನ್ನುವುದು? ಒಳ್ಳೆಯತನದಲ್ಲೂ ಇವಳೇ ಮುಂದೆ! ಸೀಟಮ್ಮನಿಗೆ ಹೆದರಿಕೆಗಿಂತ ಅದೇ ಹೆಚ್ಚಾಗಿ ಉರಿಯಿತು.

ಹೀಗಿರುವಾಗ ಒಂದು ರಾತ್ರಿ ಗಂಡ ಊಟಕ್ಕೆ ಕೂತವನು ನಗುತ್ತಲೇ ಶುರುಮಾಡಿದ. ಮೀನು ಹುರಿದಿತ್ತು, ಎಲ್ಲರೂ ಮುಳ್ಳು ತೆಗೆಯುವುದರಲ್ಲಿ ಮಗ್ನರಾಗಿದ್ದರು.

"ನಮ್ಮ ದೊಡ್ಡ ಬೋಟು ಹಲ್ಲಿನ ಡಾಕ್ಟರ ಹತ್ರ ಇದೆಯಂತೆ. ಅವರ ಆಸ್ಪತ್ರೆ ಲಿಫ್ಟು ನೋಡಕ್ಕೆ ಹೋಗಿದ್ದೆ, ಸಿಕ್ಕಿದ್ರು. ಇನ್ನೂ ಮುಳುಗಿಲ್ಲ ಕಣೇ!"

"ಮುಳುಗುತ್ತೆ," ಎಂದರು ಅತ್ತೆ. "ಇವಳ ಕೈ ಹೇಳಿದ್ದು ಯಾವತ್ತು ಸುಳ್ಳಾಗಿದೆ? ಸೊಸೆಗೆ ಬಾಯಿ ಖಾರ, ಆದ್ರೆ ಕೈ ಸತ್ಯವಂತ."

"ಸೀಟು ನಿಮ್ಮ ಅಂಗಡೀಲೇ ಹೊಲಿಸಿದ್ರಂತಲ್ಲ. ನೀನು ಹೇಳ್ಲೇ ಇಲ್ಲ. ಹಲಗೆ ಹೆಂಗಿತ್ತೇ ಬಿಚ್ಚಿದಾಗ? ಪೂರಾ ಪುಡಿಪುಡಿಯಾ?"

ಸೀಟಮ್ಮ ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು. ಗಂಡ ಕೇಳಿದ್ದು ಬರೀ ಕುತೂಹಲಕ್ಕೆ. ಅವನ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅದೇ ಕಷ್ಟವಾಗಿತ್ತು.

"ಅಯ್ಯೋ ಕೇಳ್ಬೇಡಿ ಭಾವ," ಎಂದಳು ಗುಬ್ಬಿ, ತಟ್ಟೆಯಿಂದ ತಲೆಯೆತ್ತದೆ. "ಅವತ್ತು ಡಬ್ಬಿ ಕೊಡಕ್ಕೆ ಹೋದಾಗ ನಾನೇ ಕಣ್ಣಾರೆ ನೋಡ್ದೆ. ನೆನೆಸಿಟ್ಟ ಬಿಸ್ಕತ್ತಿನ ಹಾಗಾಗಿತ್ತು. ಅಕ್ಕ ಹೊಸ ಹಲಗೆ ಹಾಕಿ ಕೊಟ್ರು."

"ನೋಡಿದ್ರಾ!" ಎಂದರು ಅತ್ತೆ, ಗೆದ್ದವರ ಹಾಗೆ.

ಎಷ್ಟು ಸಲೀಸಾಗಿ ಹೇಳಿದಳು! ಹಲಗೆಗೆ ಬಿಸ್ಕತ್ತಿನ ಹೋಲಿಕೆ ಬೇರೆ. ಸೀಟಮ್ಮ ಈಗ ನಿಟ್ಟುಸಿರು ಬಿಟ್ಟು ತುತ್ತು ನುಂಗಬಹುದಿತ್ತು. ಗಂಡನ ಮುಂದೆ ಮರ್ಯಾದೆ ಉಳಿಯಿತು, ಅತ್ತೆಯ ಬಾಯಿಂದ ಎಂದೂ ಬರದ ಹೊಗಳಿಕೆಯೂ ಬಂತು. ಆದರೆ ಆ ಮರ್ಯಾದೆ ಗುಬ್ಬಿ ಕೊಟ್ಟದ್ದು, ಬನ್ನಿನ ಹಾಗೆ, ಉಳಿದದ್ದನ್ನು ಪೊಟ್ಟಣ ಕಟ್ಟಿ. ಇನ್ನು ಬದುಕಿರುವತನಕ ದಿನಾ ಸಂಜೆ ಆ ಉಪಕಾರದ ಮುಖ ನೋಡಬೇಕು. ಎಲ್ಲರ ನಗುವೂ ಅವಳ ಪಾಲಾಯಿತು. ತನ್ನ ಮಾನ ಕೂಡ ಅವಳ ಕೈಯಲ್ಲೇ ಇರಬೇಕೇ?

"ಕೊಳೆತಿರ್ಲಿಲ್ಲ," ಎಂದಳು ಸೀಟಮ್ಮ.

"ಏನು?"

"ಹಲಗೆ ಕೊಳೆತಿರ್ಲಿಲ್ಲ. ಅವತ್ತೂ ಇಲ್ಲ, ಮೊನ್ನೆಯೂ ಇಲ್ಲ. ಗಟ್ಟಿಯಾಗಿತ್ತು. ಇವಳು ಸುಳ್ಳು ಹೇಳ್ತಿದಾಳೆ. ನಾನೂ ಸುಳ್ಳು ಹೇಳಿದ್ದೆ."

"ಅಕ್ಕ..." ಎಂದಳು ಗುಬ್ಬಿ.

"ನೀನು ಸುಮ್ನಿರು. ನನ್ನ ಸುಳ್ಳಿಗೆ ನೀನು ಬಣ್ಣ ಹೊಡೀಬೇಡ."

"ಮತ್ಯಾಕೆ ಹಾಗಂದೆ?" ಗಂಡ ಕೈಯಲ್ಲಿದ್ದ ಮೀನನ್ನು ತಟ್ಟೆಗಿಟ್ಟ.

"ದೊಡ್ಡದಾದ್ರೆ ಇವಳೂ ಬರ್ತಾಳಲ್ಲ. ಅದಕ್ಕೆ."

ಮಗಳು ಅಮ್ಮನನ್ನೂ ಚಿಕ್ಕಮ್ಮನನ್ನೂ ಸರದಿಯಲ್ಲಿ ನೋಡಿದಳು. ಗುಬ್ಬಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಕೊನೆಗೆ ಅವಳು ನಕ್ಕಳೋ ಅತ್ತಳೋ ತಿಳಿಯದ ದನಿಯಲ್ಲಿ, "ಚಿಕ್ಕದ್ರಲ್ಲೂ ಬಂದೆನಲ್ಲ ಅಕ್ಕ," ಎಂದು ತಟ್ಟೆ ಎತ್ತಿಕೊಂಡು ಮಹಡಿ ಹತ್ತಿದಳು.

ಗಂಡ ಕೂಗಾಡಲಿಲ್ಲ. ಕೈ ತೊಳೆದು ಬಂದು ಬಾಗಿಲಲ್ಲಿ ನಿಂತ. "ನಿನ್ನ ಬಾಯಿ ಏನೇ ಹೇಳಿದ್ರೂ ಸಹಿಸ್ಕೊಳ್ತಿದ್ದೆ," ಎಂದ. "ಇದು ಕೈ ಹೇಳಿದ ಸುಳ್ಳು." ಅಷ್ಟೇ.

ಅದರ ಅರ್ಥ ಸೀಟಮ್ಮನಿಗೆ ತಿಳಿಯಲು ದಿನಗಳು ಬೇಕಾದವು. ಸಂತೆಯಲ್ಲಿ ಅವಳು ಕಲ್ಲಂಗಡಿ ಒತ್ತಿ, "ಇದು ಹಣ್ಣಾಗಿದೆ," ಎಂದಳು. ಅವನು ಅದನ್ನೆತ್ತಿ ತಾನೂ ಒಮ್ಮೆ ತಟ್ಟಿ ನೋಡಿ ಚೀಲಕ್ಕೆ ಹಾಕಿದ. ದಿಂಬು ಬದಲಾಯಿಸಬೇಕು ಎಂದಳು. ಅವನು ದಿಂಬನ್ನು ಕೈಯಲ್ಲಿ ಹಿಸುಕಿ, "ಹೂಂ," ಎಂದ. ಹಿಂದೆ ಹಾಗೆಂದೂ ಮಾಡಿದವನಲ್ಲ. ಬೇಕೆಂದು ಮಾಡುತ್ತಿದ್ದುದೂ ಅಲ್ಲ. ಅವನ ಕೈ ತಾನಾಗಿ ಹೋಗುತ್ತಿತ್ತು. ಒಂದು ಜೋರು ಜಗಳವಾಗಿದ್ದರೆ ಅಳಬಹುದಿತ್ತು. ಕಲ್ಲಂಗಡಿ ತಟ್ಟಿದ್ದಕ್ಕೆ ಹೇಗೆ ಅಳುವುದು?

ಬೋಟು ಎರಡು ವಾರ ಟಾರ್ಪಾಲಿನ ಕೆಳಗೇ ಇತ್ತು. ಗುಬ್ಬಿ ಮಹಡಿಯಲ್ಲೇ ಊಟ ಮಾಡಿದಳು. ಬನ್ನು ಬಂತು, ಆದರೆ ಮಗಳ ಕೈಯಲ್ಲಿ. ಕೊನೆಗೆ ಅತ್ತೆಯೇ ತಡೆಯಲಾರದೆ, "ಎರಡು ಬೋಟಿಗೆ ಬಡಿದಾಡಿದ್ದಾಯ್ತು. ತಂದಿರೋ ಒಂದಕ್ಕಾದ್ರೂ ನೀರು ತೋರಿಸಿ! ಇಲ್ಲಾಂದ್ರೆ ಅದರಲ್ಲಿ ಮಣ್ಣು ತುಂಬಿ ನಾನು ಸೊಪ್ಪು ಬೆಳೀತೀನಿ," ಎಂದು ಕೂಗಿದರು.

ಭಾನುವಾರ ಐವರೂ ಹೋದರು, ಒಬ್ಬರ ಮುಖ ಒಬ್ಬರು ನೋಡದೆ. ಬೋಟನ್ನು ಟ್ರೈಲರಿಗೆ ಬಿಗಿದಿದ್ದ ಪಟ್ಟಿಯನ್ನು ಬಿಚ್ಚುತ್ತಿದ್ದಾಗ ಸೀಟಮ್ಮನ ಬೆರಳು ಒಂದು ಕಡೆ ನಿಂತಿತು.

"ಈ ಪಟ್ಟಿ ಸವೆದಿದೆ. ಇದನ್ನೇ ಬಿಗಿದು ವಾಪಸ್ಸು ತಗೊಂಡು ಹೋಗಬೇಡಿ," ಎಂದಳು.

ಗಂಡ ಬಗ್ಗಿದ. ಪಟ್ಟಿಯನ್ನು ಹಿಡಿದು ನೋಡಲು ಕೈ ಚಾಚಿದ. ಅಷ್ಟರಲ್ಲಿ ಗುಬ್ಬಿ ಅದನ್ನು ಅವನ ಕೈಗೆ ಸಿಗದ ಹಾಗೆ ಎಳೆದು ಸುರುಳಿ ಸುತ್ತಿ ಪಕ್ಕಕ್ಕೆ ಎಸೆದಳು. "ಅಕ್ಕ ಹೇಳಿದ್ರಲ್ಲ ಭಾವ. ಹೊಸದು ಹಾಕಿ."

ಸೀಟಮ್ಮನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. "ನಿನ್ನ ಉಪಕಾರ ನಂಗೆ ಬೇಡ."

"ಉಪಕಾರ ಯಾರು ಮಾಡಿದ್ರು? ಪಟ್ಟಿ ಸವೆದಿದೆ ಅಂತ ನಂಗೂ ಕಾಣುತ್ತೆ." ಗುಬ್ಬಿ ಕಲ್ಲಿನ ಮೇಲೆ ಕೂತಳು. "ಇವತ್ತು ಚಪ್ಪಲಿ ನಾನು ಕಾಯ್ತೀನಿ. ನೀವು ಹೋಗಿ."

"ಅದೂ ಬೇಡ ಅಂದೆ."

"ಅಕ್ಕ, ಇದೂ ಉಪಕಾರ ಅಲ್ಲ. ಅವತ್ತು ಎಲ್ರ ಮುಂದೆ ಹಾಗಂದ್ರಿ. ನಂಗೂ ಸಿಟ್ಟಿದೆ. ನಿಮ್ಮ ಪಕ್ಕ ಕೂರಕ್ಕೆ ನಂಗೆ ಇವತ್ತು ಮನಸ್ಸಿಲ್ಲ."

ಸೀಟಮ್ಮ ಅವಳನ್ನೇ ನೋಡಿದಳು. ಗುಬ್ಬಿಯ ಮೂಗಿನ ಹೊಳ್ಳೆಗಳು ಅರಳಿದ್ದವು, ಗಲ್ಲ ಬಿಗಿದಿತ್ತು. ಸಿಟ್ಟು ಬಂದರೆ ಅವಳು ಅಷ್ಟೇನೂ ಚೆಂದ ಕಾಣುತ್ತಿರಲಿಲ್ಲ. ಅದೆಷ್ಟೋ ದಿನಗಳ ಮೇಲೆ ಸೀಟಮ್ಮನ ಭುಜಗಳು ತುಸು ಸಡಿಲವಾದವು. ಚಪ್ಪಲಿಯನ್ನು ಗುಬ್ಬಿಯ ಮುಂದೆ ಕಳಚಿ ಬೋಟು ಹತ್ತಿದಳು.

ಮೋಟರು ಗುಡುಗಿತು. ದಂಡೆ ಹಿಂದೆ ಸರಿಯಿತು. ಕೂತ ಸೀಟನ್ನು ಅವಳು ರೂಢಿಯಿಂದ ಒತ್ತಿ ನೋಡಿದಳು: ಫೋಮು ಸಾಧಾರಣದ್ದು, ಹೊಲಿಗೆ ಅವಸರದ್ದು. ನೀರಿನ ಮೇಲಿನ ಗಾಳಿ ಮಾತ್ರ ಯಾರೋ ಆಗತಾನೆ ತೊಳೆದು ಹರವಿದ ಹಾಗಿತ್ತು. ಇದಕ್ಕೇ ಇವನು ಇಷ್ಟು ಹಂಬಲಿಸಿದ್ದು. ಅತ್ತೆ ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಸೀಟು ಹಿಡಿದಿದ್ದರು. ಸ್ಟಿಯರಿಂಗ್ ಹಿಡಿದಿದ್ದ ಗಂಡ ತಿರುಗಿ, ದಂಡೆಯ ಕಡೆ ಕೈಯೆತ್ತಿ ಅಗಲವಾಗಿ ಬೀಸಿದ.

ಸೀಟಮ್ಮ ಅವನ ಕೈ ಹೋದ ದಿಕ್ಕಿಗೆ ತಿರುಗಿದಳು. ನೋಡು, ಬಿಟ್ಟು ಬಂದ ಮೇಲೂ ಅವಳಿಗೇ.

"ಅವಳಿಗೆ ಕೈ ಬೀಸ್ತಾರೆ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ನಾನು ಇಷ್ಟು ವಾರ ಅಲ್ಲಿ ಕೂತಿದ್ದೆ."

"ನಿಂಗೂ ಬೀಸ್ತಿದ್ರ‌ಲ್ಲ," ಎಂದಳು ಪಕ್ಕದಲ್ಲಿದ್ದ ಮಗಳು. "ಪ್ರತಿ ಸಲ. ಇದೇ ಜಾಗಕ್ಕೆ ಬಂದಾಗ."

"ಸುಳ್ಳು."

"ಸುಳ್ಳು ಯಾಕೆ ಹೇಳ್ಲಿ? ನೀನು ಒಂದು ಸಲಾನೂ ವಾಪಸ್ ಬೀಸ್ಲಿಲ್ಲ. ನೀನು ಅಪ್ಪನ್ನ ನೋಡ್ತಾನೇ ಇರ್ಲಿಲ್ಲಮ್ಮ. ಬರೀ ಚಿಕ್ಕಮ್ಮನ್ನೇ ನೋಡ್ತಿದ್ದೆ. 'ನಿಮ್ಮಮ್ಮ ಇವತ್ತೂ ಕೈ ಎತ್ತಲಿಲ್ಲ' ಅಂತ ಅಪ್ಪ ಅಂದಾಗೆಲ್ಲ ಚಿಕ್ಕಮ್ಮ ಏನಾದ್ರೂ ಜೋಕ್ ಮಾಡೋರು."

ಸೀಟಮ್ಮ ಗಂಡನ ಬೆನ್ನು ನೋಡಿದಳು. ಕೇಳಿಸಿತೋ ಇಲ್ಲವೋ, ಅವನು ನೀರಿನ ಕಡೆಗೇ ಮುಖ ಮಾಡಿದ್ದ. ಅವಳು ಎದ್ದು ಅವನ ಪಕ್ಕದ ಸೀಟಿಗೆ ಹೋಗಬೇಕೆಂದುಕೊಂಡಳು. ಓಡುವ ಬೋಟಿನಲ್ಲಿ ಏಳುವ ಹಾಗಿರಲಿಲ್ಲ. ಅಲ್ಲಿ ಅತ್ತೆ ಕೂತಿದ್ದರು ಬೇರೆ.

ದೂರದ ದಂಡೆಯಲ್ಲಿ ಕೆಂಪು ದುಪಟ್ಟಾ ಎದ್ದು ನಿಂತಿತು. ನಾಯಿಯೊಂದನ್ನು ಅಟ್ಟುತ್ತಿದ್ದಳೋ, ಬೋಟಿನವರಿಗೇ ಸನ್ನೆ ಮಾಡುತ್ತಿದ್ದಳೋ, ಗುಬ್ಬಿ ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ತಲೆಯ ಮೇಲೆ ಬೀಸುತ್ತಿದ್ದಳು. ಸೀಟಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅವು ತನ್ನವೇ.

"ಬೀಸಮ್ಮ," ಎಂದಳು ಮಗಳು.

ಸೀಟಮ್ಮನ ಕೈ ಮೇಲೆದ್ದಿತು, ಮೊಣಕೈಯವರೆಗೆ.